ಮಂಗಳವಾರವೋ ಬುಧವಾರವೋ? ಹ್ಯಾರಿ ಪಾಟರ್ ರಸಪ್ರಶ್ನೆಯ ಮೂರು ಜಗಳ

ಪ್ರಶ್ನೆ: ಗಂಗಾವತಿಯ ನಾವು ಹತ್ತು-ಹನ್ನೆರಡು ಮಂದಿ ಗೆಳೆಯರು ಸೇರಿ ಪ್ರತಿ ವರ್ಷ ಜುಲೈ 31ಕ್ಕೆ, ಅಂದರೆ ಹ್ಯಾರಿ ಪಾಟರ್ ಹುಟ್ಟಿದ ದಿನ, ಕನ್ನಡದಲ್ಲೇ ಒಂದು ರಸಪ್ರಶ್ನೆ ಇಟ್ಟುಕೊಳ್ಳುತ್ತೇವೆ. ಕೊಪ್ಪಳ, ಸಿಂಧನೂರು, ಸಿರುಗುಪ್ಪದಿಂದಲೂ ತಂಡಗಳು ಬರುತ್ತವೆ. ಹೋದ ವರ್ಷ ಮೂರು ಪ್ರಶ್ನೆಗೆ ಜಗಳ ಹತ್ತಿ ಆಟ ಅರ್ಧಕ್ಕೇ ನಿಂತಿತು. ಒಂದು, ಹ್ಯಾರಿಗೆ 11 ತುಂಬಿದ ದಿನ ಯಾವ ವಾರ? ಒಂದು ತಂಡ ಮಂಗಳವಾರ ಅಂದಿತು, ಇನ್ನೊಂದು ಮೊಬೈಲ್ ತೆಗೆದು ಬುಧವಾರ ಅಂತ ತೋರಿಸಿತು. ಎರಡು, ಕೆರೆಯ ಪರೀಕ್ಷೆಗೆ, ನೀರೊಳಗೆ ಉಸಿರಾಡಲು ತಿನ್ನುವ ಗಿಲ್ಲಿವೀಡ್ ಸೊಪ್ಪನ್ನು ಹ್ಯಾರಿಗೆ ತಂದುಕೊಟ್ಟವರು ಮನೆಯಾಳು ಡಾಬಿಯೋ ಸಹಪಾಠಿ ನೆವಿಲ್ಲೋ? ಮೂರು, ಗರಿ ತೇಲಿಸುವ ಮಂತ್ರ ಬರೆಯುವಾಗ ಒಬ್ಬಳು ದೀರ್ಘ ಬಿಟ್ಟಳೆಂದು ತೀರ್ಪುಗಾರರು ಸೊನ್ನೆ ಕೊಟ್ಟರು. ಈ ವರ್ಷ ಜಗಳವಿಲ್ಲದಂತೆ ಪ್ರಶ್ನೆ ತೆಗೆಯುವುದು ಹೇಗೆ? ಅಂಕಗಳನ್ನು ಹ್ಯಾರಿಯ ಮಾಂತ್ರಿಕ ಶಾಲೆ ಹಾಗ್ವಾರ್ಟ್ಸ್‌ನ ಮರಳುಗಡಿಯಾರದ ಹಾಗೆ ತೋರಿಸಲು ಸುಲಭದ ದಾರಿ ಇದೆಯೇ?

ಉತ್ತರ: ಮೂರು ಜಗಳದಲ್ಲೂ ತಪ್ಪು ಪ್ರಶ್ನೆ ತೆಗೆದವರದು. ಉತ್ತರ ಹೇಳಿದ ಎಲ್ಲ ತಂಡಗಳ ಬಳಿಯೂ ಸಾಕ್ಷಿ ಇತ್ತು, ಆದರೆ ಯಾವ ಸಾಕ್ಷಿ ನಡೆಯುತ್ತದೆ ಅಂತ ಆಟಕ್ಕೆ ಮೊದಲು ಯಾರೂ ಹೇಳಿರಲಿಲ್ಲ.

ಮೊದಲು ವಾರದ ವಿಷಯ. ಮೊದಲ ಪುಸ್ತಕದ 3ನೇ ಅಧ್ಯಾಯದಲ್ಲಿ ಹ್ಯಾರಿಯ ದೊಡ್ಡಮ್ಮನ ಮಗ ಡಡ್ಲಿ ತನ್ನ ಟೀವಿ ಕಾರ್ಯಕ್ರಮ ತಪ್ಪಿಹೋಯಿತು ಅಂತ ಗೋಳಾಡುತ್ತಾನೆ. ಹಾಗಾದರೆ ಇವತ್ತು ಸೋಮವಾರ, ನಾಳೆ ಮಂಗಳವಾರ, ನಾಳೆಯೇ ನನ್ನ ಹುಟ್ಟುಹಬ್ಬ ಅಂತ ಹ್ಯಾರಿ ಲೆಕ್ಕ ಹಾಕುತ್ತಾನೆ. ಆದ್ದರಿಂದ ಕಥೆಯ ಒಳಗೆ ಅದು ಮಂಗಳವಾರ. ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ 1991ರ ಜುಲೈ 31 ಬುಧವಾರ. ಎರಡೂ ನಿಜ. ಲೇಖಕಿ ಜೆ. ಕೆ. ರೌಲಿಂಗ್ ಅವರಿಗೆ ಬೇಕಿದ್ದದ್ದು ಟೀವಿ ನೆಪದಲ್ಲಿ ಹುಡುಗನಿಗೆ ದಿನ ನೆನಪಾಗುವುದು, ಅಷ್ಟೇ. ಪಂಚಾಂಗ ತೆಗೆದು ನೋಡಿ ಬರೆದದ್ದಲ್ಲ. ಅದೇ ಪುಸ್ತಕದ ಮೊದಲ ಅಧ್ಯಾಯವೂ ಒಂದು ಮಂಗಳವಾರ ಶುರುವಾಗುತ್ತದೆ. ಹ್ಯಾರಿಯ ತಂದೆತಾಯಿ ತೀರಿಕೊಂಡ ಮರುದಿನವಾದ್ದರಿಂದ ಅದು 1981ರ ನವೆಂಬರ್ 1 ಆಗಬೇಕು, ನಿಜದಲ್ಲಿ ಆ ದಿನ ಭಾನುವಾರ. ಐದನೇ ಪುಸ್ತಕದಲ್ಲಿ ಸೆಪ್ಟೆಂಬರ್ 1ಕ್ಕೆ ರೈಲು ಹತ್ತಿದವರಿಗೆ ಮರುದಿನವೇ ಸೋಮವಾರದ ಪಾಠ. 1995ರ ಸೆಪ್ಟೆಂಬರ್ 2 ಶನಿವಾರವಾಗಿತ್ತು. ಹೀಗೆ ಹುಡುಕಿದರೆ ಇನ್ನೂ ಸಿಗುತ್ತವೆ. ವಾರದ ಪ್ರಶ್ನೆ ಕೇಳಲೇಬೇಕು ಅಂದರೆ ‘ಪುಸ್ತಕದ ಪ್ರಕಾರ’ ಅನ್ನುವ ಎರಡು ಪದ ಸೇರಿಸಿ. ಸೇರಿಸದಿದ್ದರೆ ಮೊಬೈಲ್ ಹಿಡಿದ ತಂಡಕ್ಕೂ ಅಂಕ ಕೊಡಬೇಕಾಗುತ್ತದೆ.

ಅಂದಹಾಗೆ ಈ 1991 ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ? ಮೊದಲ ಪುಸ್ತಕದಲ್ಲಿ ಕಥೆ ನಡೆಯುವ ಇಸವಿಯೇ ಇಲ್ಲ. ಎರಡನೇ ಪುಸ್ತಕದ 8ನೇ ಅಧ್ಯಾಯದಲ್ಲಿ, ತಲೆ ಪೂರ್ತಿ ಕತ್ತರಿಸದ ಭೂತ ನಿಕ್ ತನ್ನ ಸಾವಿನ 500ನೇ ವರ್ಷ ಆಚರಿಸುತ್ತಾನೆ. ಅಲ್ಲಿ ಗೋರಿಯಾಕಾರದ ಕೇಕಿನ ಮೇಲೆ, ಸತ್ತದ್ದು 1492ರ ಅಕ್ಟೋಬರ್ 31 ಅಂತ ಬರೆದಿದೆ. ಅಲ್ಲಿಗೆ ಆ ವರ್ಷ 1992. ಹ್ಯಾರಿಗೆ ಆಗ 12, ಹುಟ್ಟಿದ್ದು 1980. ನಿಮ್ಮ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ದೇಶದ ಎಷ್ಟೋ ಬಂಡೆಗಳ ಮೇಲೆ ‘ದೇವಾನಾಂಪ್ರಿಯ’ ಅಂತ ಮಾತ್ರ ಇತ್ತು. ಆ ದೊರೆ ಯಾರು ಅನ್ನುವುದು ಗಟ್ಟಿಯಾದದ್ದು 1915ರಲ್ಲಿ ಸಿಕ್ಕ ರಾಯಚೂರು ಜಿಲ್ಲೆಯ ಮಸ್ಕಿ ಶಾಸನದಲ್ಲಿ ಅಶೋಕ ಅನ್ನುವ ಹೆಸರೇ ಇದ್ದದ್ದರಿಂದ. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೆಗೋಳದಲ್ಲೂ ಅದೇ ಹೆಸರು ಸಿಕ್ಕಿತು. ನಿಕ್‌ನ ಕೇಕು ಈ ಕಥೆಯ ಮಸ್ಕಿ. ಅದಕ್ಕೆ ನಿಟ್ಟೂರಿನ ಹಾಗೆ ಬೆಂಬಲ ಕೊಡುವುದು ಏಳನೇ ಪುಸ್ತಕದ 16ನೇ ಅಧ್ಯಾಯದ ಗೋರಿಕಲ್ಲು. ಅದರಲ್ಲಿ ಹ್ಯಾರಿಯ ತಂದೆ ಜೇಮ್ಸ್ ಹುಟ್ಟಿದ್ದು 1960ರ ಮಾರ್ಚ್ 27, ತಾಯಿ ಲಿಲಿ 1960ರ ಜನವರಿ 30, ಇಬ್ಬರೂ ತೀರಿಕೊಂಡದ್ದು 1981ರ ಅಕ್ಟೋಬರ್ 31 ಅಂತ ಕೆತ್ತಿದೆ, ಆಗ ಹ್ಯಾರಿ ಒಂದು ವರ್ಷದ ಕೂಸು.

ಇಷ್ಟಾದರೂ ಈ ಲೆಕ್ಕ ಬಿಗಿಯಾಗಿ ಕೂರುವುದಿಲ್ಲ. ನಾಲ್ಕನೇ ಪುಸ್ತಕದ 2ನೇ ಅಧ್ಯಾಯದಲ್ಲಿ, 1994ರ ಬೇಸಿಗೆ ರಜೆಯಲ್ಲಿ, ಡಡ್ಲಿ ತನ್ನ ಪ್ಲೇಸ್ಟೇಷನ್ನನ್ನು ಕಿಟಕಿಯಿಂದ ಎಸೆಯುತ್ತಾನೆ. ಪ್ಲೇಸ್ಟೇಷನ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದೇ 1994ರ ಡಿಸೆಂಬರಿನಲ್ಲಿ, ಯುರೋಪಿಗೆ 1995ರಲ್ಲಿ. ಇಂಥ ಒಡಕುಗಳನ್ನು ಕಂಡು ಅಭಿಮಾನಿಗಳು ಬೇಸರಪಡುವುದು ಕಡಿಮೆ. ಎರಡು ದಿನದ ವಾದಕ್ಕೆ ಸರಕು ಸಿಕ್ಕಿತು ಅಂತ ಖುಷಿಪಡುವವರೇ ಹೆಚ್ಚು. ರಸಪ್ರಶ್ನೆಯ ವೇದಿಕೆ ಮಾತ್ರ ಆ ವಾದಕ್ಕೆ ಜಾಗವಲ್ಲ.

ಎರಡನೇ ಜಗಳ, ಗಿಲ್ಲಿವೀಡ್. ನಾಲ್ಕನೇ ಪುಸ್ತಕದ 26ನೇ ಅಧ್ಯಾಯದಲ್ಲಿ ತಂದುಕೊಡುವವನು ಡಾಬಿ. ಸಿನಿಮಾದಲ್ಲಿ ಆ ಕೆಲಸ ನೆವಿಲ್‌ಗೆ ಹೋಗಿದೆ. ಇದೊಂದೇ ಅಲ್ಲ. ಮೊದಲ ಕಥೆಯಲ್ಲಿ ಸೈತಾನನ ಬಳ್ಳಿಯಿಂದ ಬಿಡಿಸಿಕೊಳ್ಳಲು ಹ್ಯಾರಿಯ ಗೆಳತಿ ಹರ್ಮೈನಿ ಪುಸ್ತಕದಲ್ಲಿ ನೀಲಿ ಬೆಂಕಿ ಹಚ್ಚುತ್ತಾಳೆ, ಸಿನಿಮಾದಲ್ಲಿ ಬಿಸಿಲಿನಂಥ ಬೆಳಕು ಬರಿಸುತ್ತಾಳೆ. ರೇವನ್‌ಕ್ಲಾ ಅನ್ನುವ ಶಾಲಾ ಬಣದ ಬಣ್ಣ ಪುಸ್ತಕದಲ್ಲಿ ನೀಲಿ ಮತ್ತು ಕಂಚು, ಗುರುತು ಹದ್ದು. ತೆರೆಯ ಮೇಲೆ ನೀಲಿ ಮತ್ತು ಬೆಳ್ಳಿ. ಹ್ಯಾರಿಯ ಹಸಿರು ಕಣ್ಣು ತೆರೆಯ ಮೇಲೆ ನೀಲಿಯಾಗಿವೆ, ಯಾಕೆಂದರೆ ನಟನ ಕಣ್ಣಿಗೆ ಬಣ್ಣದ ಲೆನ್ಸ್ ಒಗ್ಗಲಿಲ್ಲ. ಕೊನೆಯಲ್ಲಿ ಎಲ್ಡರ್ ಅನ್ನುವ ಮಂತ್ರದಂಡವನ್ನು ಮುರಿದು ಎಸೆಯುವುದು ಸಿನಿಮಾ ಹ್ಯಾರಿ. ಪುಸ್ತಕದ ಹ್ಯಾರಿ ಅದರಿಂದ ತನ್ನ ಮುರಿದ ಹಳೆಯ ದಂಡವನ್ನು ಸರಿಮಾಡಿಕೊಂಡು, ಎಲ್ಡರ್ ದಂಡವನ್ನು ಇದ್ದಲ್ಲೇ ಇಡುವುದಾಗಿ ಹೇಳುತ್ತಾನೆ. ಇನ್ನು ಪೀವ್ಸ್ ಅನ್ನುವ ಕಿಡಿಗೇಡಿ ಭೂತ ಎಂಟು ಸಿನಿಮಾಗಳಲ್ಲಿ ಒಂದರಲ್ಲೂ ಇಲ್ಲ. ಸಿಂಧನೂರಿನ ಹುಡುಗ ಎಂಟೂ ಸಿನಿಮಾ ಬಾಯಿಪಾಠ ಮಾಡಿಕೊಂಡು ಬಂದಿದ್ದರೆ ಅವನನ್ನು ದೂರುವಂತಿಲ್ಲ.

ಆದ್ದರಿಂದ ಆಟ ಶುರುವಾಗುವ ಮೊದಲೇ, ಎಲ್ಲ ತಂಡಗಳ ಎದುರು, ಸಾಕ್ಷಿಯ ಸಾಲನ್ನು ಓದಿಬಿಡಿ. ಏಳು ಪುಸ್ತಕ ಮೊದಲು. ಅವುಗಳಲ್ಲಿ ಇಲ್ಲದ್ದಕ್ಕೆ ಮಾತ್ರ ಲೇಖಕಿ ಬೇರೆ ಕಡೆ ಹೇಳಿದ್ದು. ಸಿನಿಮಾಕ್ಕೆ ಬೇರೆಯದೇ ಸುತ್ತು. ನಾಟಕ, ಹಿಂದಿನ ಕಾಲದ ಕಥೆಯ ಸಿನಿಮಾಗಳು, ಮೊಬೈಲ್ ಗೇಮು, ಅಭಿಮಾನಿಗಳ ಊಹೆ ಇವಕ್ಕೆ ನಿಮ್ಮಲ್ಲಿ ಪ್ರವೇಶವೇ ಬೇಡ. ಲೇಖಕಿಯ ಮಾತನ್ನು ಎರಡನೆಯ ಸ್ಥಾನಕ್ಕೆ ಇಟ್ಟದ್ದು ಯಾಕೆ ಅಂದರೆ ಅವರೇ ಮಾತು ಬದಲಿಸಿದ್ದಾರೆ. ಹರ್ಮೈನಿಯ ನಡುಹೆಸರು ಜೇನ್ ಅಂತ ಮೊದಲೊಮ್ಮೆ ಹೇಳಿದ್ದರು. ಏಳನೇ ಪುಸ್ತಕದ 7ನೇ ಅಧ್ಯಾಯದ ಉಯಿಲಿನಲ್ಲಿ ಅದು ಜೀನ್ ಆಯಿತು. ಅಚ್ಚಾದದ್ದೇ ಗೆಲ್ಲಬೇಕು.

ಅಚ್ಚಿನಲ್ಲೂ ಒಂದು ತೊಡಕಿದೆ. ಮುದ್ರಣದಿಂದ ಮುದ್ರಣಕ್ಕೆ ಪಠ್ಯ ತಿದ್ದಿದ್ದಾರೆ. ನಾಲ್ಕನೇ ಪುಸ್ತಕದ 34ನೇ ಅಧ್ಯಾಯದಲ್ಲಿ ಕಥೆಯ ಖಳ ವೋಲ್ಡಮಾರ್ಟ್‌ನ ದಂಡದಿಂದ ಅವನು ಕೊಂದವರ ನೆರಳುಗಳು ಹಿಂದುಮುಂದಾಗಿ ಹೊರಬರುತ್ತವೆ, ಕೊನೆಗೆ ಸತ್ತವರು ಮೊದಲು. ಜೇಮ್ಸ್ ಮೊದಲು ಸತ್ತವನು, ಹಾಗಾಗಿ ಲಿಲಿ ಮುಂಚೆ ಬರಬೇಕು. ಮೊದಲ ಮುದ್ರಣಗಳಲ್ಲಿ ಜೇಮ್ಸ್ ಮುಂಚೆ ಬಂದುಬಿಟ್ಟಿದ್ದ, ಆಮೇಲೆ ಸರಿಪಡಿಸಿದರು. ಓದುಗರು ಅದರ ಮೇಲೆ ಎಷ್ಟೋ ಊಹೆ ಕಟ್ಟಿದ್ದರು, ಕೊನೆಗೆ ನೋಡಿದರೆ ಬರೀ ತಪ್ಪು. ನಿಕ್ ಕೂಡ ಮೊದಲ ಪುಸ್ತಕದ ಹಳೆಯ ಪ್ರತಿಗಳಲ್ಲಿ ಊಟ ಮಾಡಿ ಸುಮಾರು 400 ವರ್ಷವಾಯಿತು ಅನ್ನುತ್ತಾನೆ, ಹೊಸತರಲ್ಲಿ 500. ಇಂಥ ಸಾಲುಗಳಿಂದ ಪ್ರಶ್ನೆ ತೆಗೆಯಬೇಡಿ. ತೆಗೆದ ಪ್ರತಿ ಪ್ರಶ್ನೆಯ ಚೀಟಿಯ ಹಿಂದೆ ಪುಸ್ತಕದ ಸಂಖ್ಯೆ, ಅಧ್ಯಾಯದ ಸಂಖ್ಯೆ ಬರೆದಿಡಿ. ಪುಟಸಂಖ್ಯೆ ಬರೆದರೆ ಉಪಯೋಗವಿಲ್ಲ, ಇಂಗ್ಲೆಂಡಿನ ಪ್ರತಿಗೂ ಅಮೆರಿಕದ ಪ್ರತಿಗೂ ಪುಟ ಹೊಂದುವುದಿಲ್ಲ. ಪ್ರಶ್ನೆ ತೆಗೆದವರೊಬ್ಬರು, ಚೀಟಿ ನೋಡಿಕೊಂಡು ಪುಸ್ತಕ ತೆರೆದು ತಾಳೆ ನೋಡುವವರು ಇನ್ನೊಬ್ಬರು. ಒಬ್ಬರೇ ಎರಡೂ ಮಾಡಿದರೆ ನೆನಪಿನಲ್ಲಿರುವುದನ್ನೇ ಪುಟದಲ್ಲೂ ಓದುತ್ತಾರೆ.

ಸಾಕ್ಷಿ ಸರಿಯಿದ್ದೂ ಮಾತು ಸಡಿಲವಾದರೆ ಜಗಳ ತಪ್ಪದು. ಇದಕ್ಕೆ ಆತ್ಮದ ತುಂಡು ಅಡಗಿಸಿಡುವ ವಸ್ತುವಾದ ಹಾರ್ಕ್ರಕ್ಸ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ (ಏಳನೇ ಪುಸ್ತಕ ಮುಗಿಸದವರು ಮುಂದಿನ ಪ್ಯಾರಾಕ್ಕೆ ಹೋಗಿ). ‘ವೋಲ್ಡಮಾರ್ಟ್ ಎಷ್ಟು ಹಾರ್ಕ್ರಕ್ಸ್ ಮಾಡಿದ?’ ಅಂದರೆ ಆರು ಅನ್ನಬಹುದು, ಏಳೂ ಅನ್ನಬಹುದು. ಆರನೇ ಪುಸ್ತಕದ 23ನೇ ಅಧ್ಯಾಯದ ಪ್ರಕಾರ ಅವನಿಗೆ ಬೇಕಿದ್ದದ್ದು ಏಳು ತುಂಡಾದ ಆತ್ಮ: ಹೊರಗೆ ಆರು, ಮೈಯಲ್ಲಿ ಒಂದು. ಡೈರಿ, ಉಂಗುರ, ಲಾಕೆಟ್, ಬಟ್ಟಲು, ಕಿರೀಟ, ಹಾವು ಇವು ಬೇಕೆಂದೇ ಮಾಡಿದವು. ಹ್ಯಾರಿ ಅವನಿಗೆ ಗೊತ್ತಿಲ್ಲದೇ ಆದದ್ದು. ಅಲ್ಲಿಗೆ ಹಾರ್ಕ್ರಕ್ಸ್ ಏಳು, ಆತ್ಮದ ತುಂಡು ಎಂಟು. ‘ಬೇಕೆಂದೇ’ ಅನ್ನುವ ಒಂದು ಪದ ಹಾಕಿದರೆ ಉತ್ತರ ಆರೇ. ಇದಕ್ಕಿಂತ ಚೆನ್ನಾದ ಪ್ರಶ್ನೆ, ಯಾವುದನ್ನು ಯಾರು ನಾಶಮಾಡಿದರು ಅನ್ನುವುದು. ಡೈರಿ ಹ್ಯಾರಿ, ಉಂಗುರ ಹೆಡ್ಮಾಸ್ತರ ಡಂಬಲ್‌ಡೋರ್, ಲಾಕೆಟ್ ಹ್ಯಾರಿಯ ಗೆಳೆಯ ರಾನ್, ಬಟ್ಟಲು ಹರ್ಮೈನಿ, ಹಾವು ನೆವಿಲ್. ಕಿರೀಟಕ್ಕೆ ಬಂದಾಗ ಎಲ್ಲರೂ ತಡವರಿಸುತ್ತಾರೆ, ಯಾಕೆಂದರೆ ಅದು ಹೋದದ್ದು ಶಾಲೆಯ ಹುಡುಗ ಕ್ರ್ಯಾಬ್ ಹಚ್ಚಿ ಕೈಮೀರಿದ ಬೆಂಕಿಯಲ್ಲಿ. ಹ್ಯಾರಿಯೊಳಗಿನ ತುಂಡನ್ನು ಕೊಂದವನು ವೋಲ್ಡಮಾರ್ಟೇ.

ಇನ್ನು ಮೂರನೆಯದು, ದೀರ್ಘದ ಜಗಳ. ಮೂರರಲ್ಲಿ ಸೊಗಸಾದದ್ದು ಇದೇ. ಮೊದಲ ಪುಸ್ತಕದ 10ನೇ ಅಧ್ಯಾಯದಲ್ಲಿ ರಾನ್ ‘ವಿಂಗಾರ್ಡಿಯಂ ಲೆವಿಓಸ’ ಮಂತ್ರವನ್ನು ತಪ್ಪು ಹೇಳುತ್ತಾನೆ, ‘ಗಾರ್’ ಅನ್ನುವುದನ್ನು ಚೆನ್ನಾಗಿ ಎಳೆಯಬೇಕು ಅಂತ ಹರ್ಮೈನಿ ತಿದ್ದುತ್ತಾಳೆ. ಇಂಗ್ಲಿಷಿನಲ್ಲಿ ಇದನ್ನು ಪದ ಒಡೆದು ಅಡ್ಡಗೆರೆ ಹಾಕಿ ತೋರಿಸಬೇಕಾಯಿತು. ಕನ್ನಡದಲ್ಲಿ ಆ ಕಷ್ಟವಿಲ್ಲ: ವಿಂಗರ್ಡಿಯಂ ತಪ್ಪು, ವಿಂಗಾರ್ಡಿಯಂ ಸರಿ. (ಛಂದಸ್ಸಿನ ಲೆಕ್ಕಕ್ಕೆ ಒತ್ತಕ್ಷರದ ಹಿಂದಿನ ‘ಗ’ ಹೇಗೂ ಗುರುವೇ. ಆದರೆ ಗರಿ ತೇಲುವುದಕ್ಕೆ ಗುರು ಸಾಲದು, ದೀರ್ಘವೇ ಬೇಕು.) ಸಿನಿಮಾದಲ್ಲಿ ಜಗಳ ಎರಡನೇ ಪದಕ್ಕೆ ಜಾರಿದೆ: ಲೆವಿಓಸ ಅನ್ನಬೇಕು, ಲೆವಿಒಸಾ ಅನ್ನಬಾರದು. ನಿಮ್ಮ ತೀರ್ಪುಗಾರರು ಸೊನ್ನೆ ಕೊಟ್ಟದ್ದು, ಪ್ರಶ್ನೆ ‘ಸರಿಯಾದ ಉಚ್ಚಾರ ಬರೆಯಿರಿ’ ಅಂತಿದ್ದರೆ ನ್ಯಾಯ. ‘ಯಾವ ಮಂತ್ರ?’ ಅಂತಷ್ಟೇ ಕೇಳಿದ್ದರೆ ಅನ್ಯಾಯ, ಆ ಹುಡುಗಿಗೆ ಅಂಕ ಹಿಂತಿರುಗಿಸಿ.

ಹೆಸರುಗಳಿಗೆ ಮಾತ್ರ ಕಾಗುಣಿತದ ಹಟ ಬೇಡ. ಹರ್ಮೈನಿ, ಹರ್ಮಯನಿ, ಹರ್ಮಾಯ್ನಿ ಎಲ್ಲವೂ ನಡೆಯಲಿ. ನಾಲ್ಕನೇ ಪುಸ್ತಕದಲ್ಲಿ ಬಲ್ಗೇರಿಯಾದ ಕ್ರಮ್‌ಗೆ ಅವಳೇ ಕೂತು ತನ್ನ ಹೆಸರಿನ ಉಚ್ಚಾರ ಕಲಿಸುವ ಸಾಲುಗಳಿವೆ. ಅಲ್ಲಿಯವರೆಗೆ ಓದುಗರಲ್ಲಿ ಎಷ್ಟೋ ಜನರಿಗೆ ಆ ಹೆಸರು ಹೇಗೆ ಓದುವುದೆಂದೇ ತಿಳಿದಿರಲಿಲ್ಲ. ವೋಲ್ಡಮಾರ್ಟ್‌ನ ಕೊನೆಯ ‘ಟ್’ ಉಚ್ಚರಿಸಬಾರದು ಅಂತ ಲೇಖಕಿ ಹೇಳಿದ್ದಾರೆ, ಸಿನಿಮಾದವರೆಲ್ಲ ಉಚ್ಚರಿಸಿದ್ದಾರೆ. ಎರಡೂ ಇರಲಿ.

ಕನ್ನಡದಲ್ಲಿ ಕೇಳಲೇಬಾರದ ಪ್ರಶ್ನೆ ಒಂದಿದೆ. ಎರಡನೇ ಪುಸ್ತಕದ 17ನೇ ಅಧ್ಯಾಯದಲ್ಲಿ ಟಾಮ್ ಮಾರ್ವೊಲೊ ರಿಡಲ್ ತನ್ನ ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿ ತಾನೇ ವೋಲ್ಡಮಾರ್ಟ್ ಅಂತ ತೋರಿಸುತ್ತಾನೆ. ಅದು 16 ರೋಮನ್ ಅಕ್ಷರಗಳ ಆಟ. ಗುಣಿತಾಕ್ಷರದಲ್ಲಿ ಬರೆದ ಕೂಡಲೇ ಸತ್ತುಹೋಗುತ್ತದೆ. ಫ್ರೆಂಚ್ ಅನುವಾದಕರು ಇದಕ್ಕಾಗಿ ಅವನ ನಡುಹೆಸರನ್ನೇ ಎಲ್ವಿಸ್ ಅಂತ ಬದಲಿಸಿದರು, ಸ್ಪ್ಯಾನಿಷಿನವರು ಮಾರ್ವೊಲೊವನ್ನು ಸೋರ್ವೊಲೊ ಮಾಡಿದರು. ಪರದೆಯ ಮೇಲೆ ರೋಮನ್ ಲಿಪಿ ತೋರಿಸದೆ ಆ ಪ್ರಶ್ನೆ ಕೇಳಬೇಡಿ.

ಆದರೆ ಇದೇ ಜಾತಿಯ ಇನ್ನೊಂದು ಆಟ ನಮ್ಮ ಲಿಪಿಗೆ ಇಂಗ್ಲಿಷಿಗಿಂತ ಚೆನ್ನಾಗಿ ಒಗ್ಗುತ್ತದೆ. ಎರಿಸೆಡ್ ಕನ್ನಡಿ, ಮೊದಲ ಪುಸ್ತಕದ 12ನೇ ಅಧ್ಯಾಯ: ಬಯಕೆ ಅನ್ನುವ ಇಂಗ್ಲಿಷ್ ಪದವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಇಟ್ಟ ಹೆಸರು. ಕನ್ನಡದಲ್ಲಿ ಅಕ್ಷರ ಲೆಕ್ಕ ಹಿಡಿದು ತಿರುಗಿಸಿದರೆ ‘ಬಯಕೆ’ಯು ‘ಕೆಯಬ’ ಆಗುತ್ತದೆ. ಒಂದು ಸುತ್ತನ್ನು ಹೀಗೆ ಮಾಡಿ: ಕಥೆಯ ವಸ್ತುಗಳ ಕನ್ನಡ ಹೆಸರನ್ನು ಹಿಂದುಮುಂದಾಗಿ ಬರೆದು ಗುರುತಿಸಲು ಹೇಳಿ. ಗೂಬೆ ‘ಬೆಗೂ’, ಪೊರಕೆ ‘ಕೆರಪೊ’. ‘ನ್ನಕಡಿ’ಯಂಥ ತಪ್ಪು ಜೋಡಣೆಯೂ ನಡುವೆ ಇರಲಿ. ಒತ್ತಕ್ಷರವನ್ನು ಒಡೆಯದೆ ಒಂದೇ ಅಕ್ಷರವಾಗಿ ಎಣಿಸುವ ನಿಯಮ ಮೊದಲೇ ಹೇಳಿ. ಹೇಳದಿದ್ದರೆ ‘ಕನ್ನಡಿ’ಯು ‘ಡಿನ್ನಕ’ ಆಗುತ್ತದೆಯೋ ಬೇರೇನೋ ಅಂತ ಮತ್ತೆ ಕಿತ್ತಾಟ. ತುಂಗಭದ್ರೆಯ ದಂಡೆಯವರಿಗೆ ಈ ಆಟ ಹೊಸದಲ್ಲ. ಹಂಪಿಯ ಆಸ್ಥಾನದ ತೆನಾಲಿ ರಾಮನಿಗೆ ಕಥೆ ಕೊಟ್ಟ ಬಿರುದು ವಿಕಟಕವಿ, ಎಡದಿಂದಲೂ ಬಲದಿಂದಲೂ ಅದೇ.

ಮಂತ್ರಗಳ ಬೇರಿನ ಮೇಲೆ ಇನ್ನೊಂದು ಸುತ್ತು ಮಾಡಬಹುದು. ಬಹಳಷ್ಟು ಮಂತ್ರ ಲ್ಯಾಟಿನ್ ಅಥವಾ ಲ್ಯಾಟಿನ್‌ನಂತೆ ಕಾಣುವ ಪದಗಳು. ಲ್ಯಾಟಿನ್ನಿಗೂ ಸಂಸ್ಕೃತಕ್ಕೂ ನಂಟಿದೆ, ಸಂಸ್ಕೃತದ ಪದಗಳು ಕನ್ನಡದಲ್ಲಿ ತುಂಬಿವೆ. ದಂಡದ ದೀಪ ಆರಿಸುವ ‘ನಾಕ್ಸ್’ ಅಂದರೆ ರಾತ್ರಿ. ಅದರ ದಾಯಾದಿ ನಮ್ಮ ‘ನಕ್ತಂಚರ’ದಲ್ಲಿರುವ ನಕ್ತ. ವೋಲ್ಡಮಾರ್ಟ್‌ನ ಹೆಸರಿನ ಕೊನೆಯ ತುಂಡು ಫ್ರೆಂಚಿನ ಸಾವು, ಅದೇ ಬಳ್ಳಿಯದು ‘ಮೃತ್ಯು’. ಮಂತ್ರದಿಂದ ಮೂಡುವ ಕಾವಲು ರೂಪವಾದ ಪ್ಯಾಟ್ರೋನಸ್ಸಿನ ಹೆಸರು ಹುಟ್ಟಿದ್ದು ತಂದೆ ಅನ್ನುವ ಲ್ಯಾಟಿನ್ ಪದದಿಂದ, ಅದರ ಜೋಡಿ ‘ಪಿತೃ’. ಹ್ಯಾರಿಯ ಪ್ಯಾಟ್ರೋನಸ್ ಸಾರಂಗವಾದದ್ದೂ ಅವನ ತಂದೆ ತಾಳುತ್ತಿದ್ದ ರೂಪ ಅದೇ ಆಗಿದ್ದದ್ದೂ ಗೊತ್ತಿರುವವರಿಗೆ ಈ ಪ್ರಶ್ನೆ ಕೇಳಿದಾಗ ಮುಖ ಅರಳದಿದ್ದರೆ ಹೇಳಿ.

ಕಥೆಯ ಮಾಂತ್ರಿಕರ ದುಡ್ಡಿನ ಲೆಕ್ಕವೂ ಇರಲಿ. 29 ಕ್ನಟ್‌ಗೆ ಒಂದು ಸಿಕಲ್, 17 ಸಿಕಲ್‌ಗೆ ಒಂದು ಗ್ಯಾಲಿಯನ್, ಅಂದರೆ ಗ್ಯಾಲಿಯನ್ನಿಗೆ 493 ಕ್ನಟ್ (ಮೊದಲ ಪುಸ್ತಕ, 5ನೇ ಅಧ್ಯಾಯ). ಹುಡುಗರು ಇದೆಂಥ ಹುಚ್ಚು ಲೆಕ್ಕ ಅಂತ ನಕ್ಕರೆ ಅಜ್ಜಂದಿರನ್ನು ಕೇಳಲು ಹೇಳಿ: ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192. ಅದರ ಮೇಲೆ ಹೊಳೆಯ ಆಚೆಗೊಂದು ಈಚೆಗೊಂದು ನಾಣ್ಯ. ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿತ್ತು, ರಾಯಚೂರು-ಕೊಪ್ಪಳ ನಿಜಾಮನ ರಾಜ್ಯದಲ್ಲಿದ್ದವು. ನಿಜಾಮನ 7 ಹಾಲಿ ಸಿಕ್ಕಾ ರೂಪಾಯಿಗೆ ಬ್ರಿಟಿಷರ ಸುಮಾರು 6 ರೂಪಾಯಿ. ಗ್ರಿಂಗಾಟ್ಸ್ ಬ್ಯಾಂಕಿನ ಕುಳ್ಳರು ಆ ಕಾಲದ ಸರಾಫರನ್ನು ನೋಡಿದ್ದರೆ ಅಣ್ಣತಮ್ಮಂದಿರು ಅಂದುಕೊಳ್ಳುತ್ತಿದ್ದರು. ಗ್ಯಾಲಿಯನ್ನಿಗೆ ಎಷ್ಟು ಪೌಂಡ್ ಅಂತ ಮಾತ್ರ ಕೇಳಬೇಡಿ. ಲೇಖಕಿ ಸುಮಾರು 5 ಪೌಂಡ್ ಅಂದಿದ್ದಾರೆ. ಆದರೆ ದಾನಕ್ಕಾಗಿ ಬರೆದ ಪುಟ್ಟ ಪುಸ್ತಕದ ಹೊದಿಕೆಯಲ್ಲಿ 2.50 ಪೌಂಡಿಗೆ 14 ಸಿಕಲ್ 3 ಕ್ನಟ್ ಅಂತ ಅಚ್ಚಾಗಿದೆ. ಅದು 409 ಕ್ನಟ್, ಆ ದರದಲ್ಲಿ ಗ್ಯಾಲಿಯನ್ನಿಗೆ 3 ಪೌಂಡ್ ಮೇಲೆ ಒಂದು ಪೆನ್ನಿ ಅಷ್ಟೇ.

ಮರಳುಗಡಿಯಾರಕ್ಕೆ ಮರಳು ಬೇಡ, ಕಾಳು ಸಾಕು. ಅರ್ಧ ಲೀಟರಿನ, ಅಗಲ ಬಾಯಿಯ, ಪಾರದರ್ಶಕ ಡಬ್ಬಿ ನಾಲ್ಕು ತನ್ನಿ. ನೀರಿನ ಬಾಟಲಿ ಬೇಡ, ಅಂಕ ಕಳೆಯುವಾಗ ಅದರೊಳಗೆ ಚಮಚ ಹೋಗುವುದಿಲ್ಲ; ಹಾಗ್ವಾರ್ಟ್ಸ್‌ನಲ್ಲಿ ಅಂಕ ಕೊಡುವಷ್ಟೇ ಧಾರಾಳವಾಗಿ ಕಿತ್ತುಕೊಳ್ಳುವುದೂ ಇದೆ. ಶಾಲೆಯ ನಾಲ್ಕು ಬಣಗಳಲ್ಲಿ ಕೆಂಪಿನ ಗ್ರಿಫಿಂಡರ್‌ಗೆ ಮಸೂರ ಬೇಳೆ, ಹಸಿರಿನ ಸ್ಲಿದರಿನ್‌ಗೆ ಹೆಸರುಕಾಳು, ಹಳದಿಯ ಹಫಲ್‌ಪಫ್‌ಗೆ ಕಡಲೆಬೇಳೆ. ನೀಲಿ ಕಾಳು ಯಾವ ಹೊಲದಲ್ಲೂ ಬೆಳೆಯುವುದಿಲ್ಲವಾದ್ದರಿಂದ ರೇವನ್‌ಕ್ಲಾಗೆ ಗಂಗಾವತಿಯ ಅಕ್ಕಿಗೇ ಬಣ್ಣ ಹಾಕಿ: ಎರಡು ಲೋಟ ಅಕ್ಕಿ, ಎರಡು ಚಮಚ ವಿನಿಗರ್, ಕೇಕಿಗೆ ಹಾಕುವ ನೀಲಿ ಬಣ್ಣ ಹತ್ತು-ಹನ್ನೆರಡು ಹನಿ. ಕವರಿಗೆ ಹಾಕಿ ಚೆನ್ನಾಗಿ ಕುಲುಕಿ, ಹಳೆಯ ಪತ್ರಿಕೆಯ ಮೇಲೆ ತೆಳ್ಳಗೆ ಹರಡಿ. ಜುಲೈ ಕೊನೆಗೆ ಮೋಡ ಮುಚ್ಚಿರುತ್ತದೆ, ಒಂದು ಪೂರ್ತಿ ದಿನ ಫ್ಯಾನಿನ ಕೆಳಗೆ ಬಿಡಿ. ಒಣಗದೆ ತುಂಬಿದರೆ ಡಬ್ಬಿಯ ಗೋಡೆಗೆ ಹೆಪ್ಪುಗಟ್ಟಿ ಕೂತು, ನೀಲಿ ತಂಡ ಸೋಲುತ್ತಿದ್ದರೂ ಗೆದ್ದಂತೆ ಕಾಣುತ್ತದೆ.

ನಾಲ್ಕಕ್ಕೂ 5 ಮಿ.ಲೀ. ಅಳತೆಯ ಒಂದೇ ಚಮಚ, ಔಷಧಿ ಜತೆ ಬರುವುದಾದರೆ ಸರಿ. ಒಂದು ಚಮಚಕ್ಕೆ 5 ಅಂಕ ಅಂದರೆ ಡಬ್ಬಿ ತುಂಬಲು 500 ಅಂಕ ಬೇಕು. ತಂಡಕ್ಕೆ 10 ಪ್ರಶ್ನೆ, ಪ್ರಶ್ನೆಗೆ 10 ಅಂಕವಾದರೆ ಅದರ ಐದನೇ ಒಂದು ಭಾಗವೂ ತುಂಬುವುದು ಕಷ್ಟ, ಹಿಂದಿನ ಸಾಲಿನವರಿಗೆ ಏನೂ ಕಾಣದು. ಹಾಗಾಗಿ 10 ಅಂಕಕ್ಕೆ ಎಂಟು ಚಮಚ ಹಾಕಿ. ಅರ್ಧಂಬರ್ಧ ಚಮಚ, ಗೋಪುರದಂತೆ ತುಂಬಿದ ಚಮಚ ನಡೆಯದು. ಬೆರಳಿನಿಂದ ಸಮ ಮಾಡಿಯೇ ಸುರಿಯಬೇಕು. ಕಾಗದದ ಮೇಲೂ ಅಂಕ ಬರೆದಿಡಿ, ಯಾರಾದರೂ ಡಬ್ಬಿ ಉರುಳಿಸಿಯೇ ಉರುಳಿಸುತ್ತಾರೆ.

ಸಮ ಬಂದರೆ ಕೊನೆಗೆ ಒಂದು ಲೆಕ್ಕ ಕೇಳಿ, ಎರಡೂ ತಂಡಕ್ಕೆ ಪೆನ್ನು ಕಾಗದ ಕೊಟ್ಟು: ಕೈಯಲ್ಲಿ 8 ಗ್ಯಾಲಿಯನ್ ಇದೆ, 7 ಗ್ಯಾಲಿಯನ್ ಕೊಟ್ಟು ದಂಡ ಕೊಂಡು, ಲಂಡನ್ನಿಗೆ ನೈಟ್ ಬಸ್ಸಿನ 11 ಸಿಕಲ್ ಕೊಟ್ಟರೆ ಉಳಿಯುವ ಕ್ನಟ್ ಎಷ್ಟು? ಉಳಿಯುವುದು 6 ಸಿಕಲ್, ಉತ್ತರ 174.